ಉಲ್ಟಾ ಹೊಂಟಾಕಿ

ಚಿಕ್ಕಪಡಸಲಗಿ ಬ್ಯಾರೇಜು ದಾಟಿ, ಆಚೆ ದಂಡೆಯ ಮೇಲೆ ಒಂದಿಷ್ಟು ದೂರ ಹೋಗಿ ತಿರುಗುವ ಹೊತ್ತಿಗೇ ಶ್ರೀದೇವಿಗೆ ತನ್ನ ಎಡಗಾಲು ಬೇರೆ ಯಾರದೋ ಅನ್ನಿಸತೊಡಗಿತ್ತು. ಬೂಟಿನೊಳಗೆ ಅದು ಉಬ್ಬಿಕೊಂಡಿತ್ತು. ಹೆಜ್ಜೆ ಊರಿದಾಗಲೆಲ್ಲ ಪಾದದ ಮೇಲೆ ಯಾರೋ ದಾರ ಹಾಕಿ ಎಳೆದಂತಾಗುತ್ತಿತ್ತು. ತಿರುವಿನಲ್ಲಿ ದಾಟಿದವರನ್ನು ಗುರುತಿಸಲು ನೆಲಕ್ಕೆ ಹಾಸಿದ್ದ ಕಪ್ಪು ಪಟ್ಟಿಯನ್ನು ತುಳಿದಾಗ ಪಕ್ಕದ ಪೆಟ್ಟಿಗೆ ಕುಂಯ್ ಎಂದಿತು. ಅಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದವನು, "ಛಲೋ ಹೊಂಟೀರಿ ಅಕ್ಕಾರ, ಇನ್ನ ಅರ್ಧಾ ಅಷ್ಟ" ಎಂದ.

ಅರ್ಧಾ ಅಷ್ಟ. ಅವಳು ಹಲ್ಲು ಕಚ್ಚಿಕೊಂಡು ಮತ್ತೆ ಬ್ಯಾರೇಜಿನ ಕಡೆ ಓಡಿದಳು. ಕೆಳಗೆ ಕೃಷ್ಣೆ ಅವಸರವೇ ಇಲ್ಲದವಳಂತೆ ನಿಂತಿದ್ದಳು. ಇಡೀ ದಾರಿಯಲ್ಲಿ ಅವಸರವಿಲ್ಲದ್ದು ಅದೊಂದೇ.

ಹನ್ನೆರಡಕ್ಕೆ ಜಮಖಂಡಿಯ ಮೈದಾನದಲ್ಲಿ ಗೇಟು ಮುಚ್ಚುತ್ತಾರೆ. ಅದರೊಳಗೆ ಮುಟ್ಟಿದವರಷ್ಟೇ ಮ್ಯಾರಥಾನ್ ಮುಗಿಸಿದವರು. ಉಳಿದವರು ಬೆಳಗಿನಿಂದ ಬಿಸಿಲು ಕಾಯಿಸಿಕೊಂಡವರು, ಅಷ್ಟೇ. ಬೇರೆಯವರಿಗೆ ಅದೊಂದು ವೇಳೆ. ಶ್ರೀದೇವಿಗೆ ಹಾಗಲ್ಲ. ಅವಳು ಲಾಳಿ ಮುಟ್ಟಿ ಆಣೆ ಮಾಡಿ ಬಂದಿದ್ದಳು.

ಬನಹಟ್ಟಿಯ ಅವರ ಓಣಿಯಲ್ಲಿ ದೇವರ ಮುಂದೆ ಮಾಡಿದ ಆಣೆಯಿಂದಲಾದರೂ ತಪ್ಪುಕಾಣಿಕೆ ಹಾಕಿ ಕಳಚಿಕೊಳ್ಳಬಹುದು. ಮಗ್ಗದ ಲಾಳಿ ಮುಟ್ಟಿ ಮಾಡಿದ್ದರಿಂದ ಕಳಚಿಕೊಳ್ಳುವ ದಾರಿಯಿಲ್ಲ. ಹೋದ ವರ್ಷ ವಿಜಯಪುರದ ಓಟದಲ್ಲಿ ಅವಳು ಅರ್ಧ ದಾರಿಗೇ ಕಣ್ಣು ಕತ್ತಲಿಟ್ಟು ಬಿದ್ದು, ಕೈಗೆ ಸಲೈನಿನ ಪಟ್ಟಿ ಅಂಟಿಸಿಕೊಂಡು ಮನೆಗೆ ಬಂದಿದ್ದಳು. ಅತ್ತೆ ರುಕ್ಮವ್ವ ಅವತ್ತು ಆ ಪಟ್ಟಿ ನೋಡಿ ಒಳಗೆ ಹೋಗಿಬಿಟ್ಟಳು. ಮಾವ ಮಗ್ಗದ ಮುಂದೆಯೇ ಕುಸಿದು ತೀರಿಕೊಂಡವರು. ಬಿದ್ದವರನ್ನು ಎತ್ತಿಕೊಂಡು ಬರುವುದನ್ನು ಇನ್ನೊಮ್ಮೆ ನೋಡುವ ಶಕ್ತಿ ಆ ಮುದುಕಿಗೆ ಇರಲಿಲ್ಲ. ಈ ವರ್ಷ ಸಂಕ್ರಾಂತಿಯ ಮರುವಾರ ಜಮಖಂಡಿಯಲ್ಲೇ ಓಟವಿದೆ ಎಂದು ಗೊತ್ತಾದಾಗ ಅವಳು ಸೊಸೆಯನ್ನು ಮಗ್ಗದ ಶೆಡ್ಡಿಗೆ ಕರೆದು, ಲಾಳಿ ಕೈಗೆ ಕೊಟ್ಟಳು.

"ಹನ್ನೆರಡರೊಳಗ ಮುಟ್ಟಿದಿ, ನಾ ಬಾಯಿ ಮುಚ್ಚತೀನಿ. ಮುಟ್ಟಲಿಲ್ಲ, ಬೂಟು ಅಟ್ಟ ಹತ್ತತಾವ. ಆಮ್ಯಾಲ ಓಡೂ ಮಾತು ಈ ಮನ್ಯಾಗ ಎತ್ತಬಾರದು. ಆತೇನು?"

"ಆತ್ರಿ ಅತ್ತಿ."

ಆಗ ಅದು ಹಗುರಾಗಿ ಬಾಯಿಂದ ಬಂದಿತ್ತು.

ಓಡುವುದು ಅವಳಿಗೆ ಷೋಕಿಯಾಗಿರಲಿಲ್ಲ. ಕೊರೊನಾದ ವರ್ಷ ಶೆಡ್ಡಿನ ಮಗ್ಗಗಳೆಲ್ಲ ನಿಂತು ಓಣಿಗೆ ಓಣಿಯೇ ಮೌನವಾದಾಗ ಅವಳ ಎದೆ ಬಡಿದುಕೊಳ್ಳತೊಡಗಿತ್ತು. ಕೂತರೂ ಬಡಿತ, ಮಲಗಿದರೂ ಬಡಿತ. ಕಾರಣವಿಲ್ಲ. ಮಗ್ಗಗಳು ಮತ್ತೆ ಶುರುವಾದವು, ಬಡಿತ ನಿಲ್ಲಲಿಲ್ಲ. ಎದೆಗೆ ಏನೂ ಆಗಿಲ್ಲ, ದಿನಾ ನಡೀರಿ ಎಂದರು ಡಾಕ್ಟರು. ನಡೆಯುತ್ತ ನಡೆಯುತ್ತ ಕಾಲುವೆ ದಾರಿಯಲ್ಲಿ ಅದು ಓಟವಾಯಿತು. ಓಡುವಾಗಲೂ ಎದೆ ಬಡಿಯುತ್ತದೆ. ಆದರೆ ಆ ಬಡಿತಕ್ಕೊಂದು ಕಾರಣವಿರುತ್ತದೆ. ಕಾರಣವಿರುವ ಬಡಿತಕ್ಕೆ ಅವಳು ಹೆದರುತ್ತಿರಲಿಲ್ಲ. ಇದನ್ನು ಗಂಡ ಪ್ರಭುಲಿಂಗನಿಗೆ ಒಂದೆರಡು ಸಲ ಹೇಳಲು ನೋಡಿ, ಹೇಳಲಾಗದೆ ಬಿಟ್ಟಿದ್ದಳು.

ಬ್ಯಾರೇಜು ದಾಟಿ ಈ ಬದಿಗೆ ಬಂದಾಗ ನೀರಿನ ಮೇಜು ಸಿಕ್ಕಿತು. ಅಲ್ಲಿ ರುಮಾಲು ಸುತ್ತಿದ ಗಂಡಸೊಬ್ಬ ಒಂದಾದಮೇಲೊಂದು ಲೋಟ ಎತ್ತುತ್ತಿದ್ದ. ಹಣೆಯ ತುಂಬ ಭಂಡಾರದ ಅರಿಸಿನ, ಕಾಲಿಗೆ ದಪ್ಪ ಅಟ್ಟೆಯ ಚಪ್ಪಲಿ, ಅಂಗಿಯ ಮೇಲೆ ಪಿನ್ನು ಚುಚ್ಚಿದ ನಂಬರು. ತುಬಚಿಯ ಹೊಳೆಪ್ಪ. ಬೆಳಗಿನಿಂದ ಅವಳ ಹಿಂದೆ ಮುಂದೆಯೇ ಓಡುತ್ತಿದ್ದ, ಓಡಿದಷ್ಟೇ ಮಾತಾಡುತ್ತಿದ್ದ.

"ಕುರಿ ಹಿಂದ ಓಡಾವಗ ಇದೇನು ದೊಡ್ಡದಲ್ಲ ಅಂತ ಹೆಸರು ಕೊಟ್ಟೆ ನೋಡ ತಂಗಿ," ಎಂದ. "ಕುರಿ ನಡುನಡುವ ನಿಂತು ಮೇಯ್ತಾವು. ಈ ಮಂದಿ ನಿಲ್ಲವಲ್ಲರು."

ಶ್ರೀದೇವಿ ನಗಲು ನೋಡಿದಳು. ಕಾಲು ಉರಿಯುತ್ತಿತ್ತು. ಎರಡು ಲೋಟ ನೀರನ್ನು ಬೂಟಿನ ಮೇಲೆ ಸುರಿದುಕೊಂಡಳು. ತಣ್ಣಗಾಯಿತು. ಮುಂದೆ ಓಡಿದಳು.

ಅದು ತಪ್ಪಾಯಿತು ಎಂದು ತಿಳಿಯಲು ಹೆಚ್ಚು ದೂರ ಹೋಗಬೇಕಾಗಲಿಲ್ಲ. ಬೂಟಿನ ಜೊತೆಗೆ ಬಂದಿದ್ದ ನೈಲಾನ್ ಲೇಸು ಓಡುವಾಗ ಪದೇ ಪದೇ ಬಿಚ್ಚುತ್ತದೆ ಎಂದು ಅವಳು ಅದನ್ನು ಕಿತ್ತೆಸೆದು, ಮಗ್ಗದ ಹತ್ತಿ ನೂಲನ್ನೇ ಹುರಿ ಮಾಡಿ ಪೋಣಿಸಿಕೊಂಡಿದ್ದಳು. ಬೆಳಿಗ್ಗೆ ಮೈದಾನದ ಮಬ್ಬಿನಲ್ಲಿ ಎಡಗಾಲಿನದನ್ನು ಕಟ್ಟುವಾಗ ಮನಸ್ಸು ಎಲ್ಲೋ ಇತ್ತು, ಬೆರಳುಗಳು ತಮಗೆ ಗೊತ್ತಿದ್ದ ಕೆಲಸ ಮಾಡಿದ್ದವು. ಹರಿದ ಎಳೆಯನ್ನು ಕೂಡಿಸಲು ದಿನಕ್ಕೆ ಲೆಕ್ಕವಿಲ್ಲದಷ್ಟು ಸಲ ಹಾಕುವ ಗಂಟನ್ನೇ ಹಾಕಿ, ಉಳಿದ ಬಾಲವನ್ನು ಹಲ್ಲಿನಿಂದ ಕಡಿದು ಉಗುಳಿದ್ದಳು. ನೇಕಾರರ ಆ ಗಂಟು ಬಿಚ್ಚಲೆಂದು ಹಾಕುವಂಥದ್ದಲ್ಲ. ಎಳೆದಷ್ಟೂ ಸಣ್ಣಗಾಗುತ್ತದೆ, ಸಣ್ಣಗಾದಷ್ಟೂ ಬಿಗಿಯುತ್ತದೆ. ಮೇಲೆ ಈಗ ನೂಲಿಗೆ ನೀರು ಕುಡಿಸಿದ್ದಳು. ನೆನೆದ ನೂಲು ಬಿಗಿಯುತ್ತದೆ ಎಂಬುದು ಬನಹಟ್ಟಿಯ ಕೂಸಿಗೂ ಗೊತ್ತು.

ರಸ್ತೆ ಬದಿಗೆ ಕೂತಳು. ಉಗುರು ಹಾಕಿದಳು. ಉಗುರು ಮುರಿಯಿತು. ಹಲ್ಲು ಹಚ್ಚಲು ನೋಡಿದಳು, ಬೆಳಿಗ್ಗೆ ಬಗ್ಗಿದ ಬೆನ್ನು ಈಗ ಅಷ್ಟು ಬಗ್ಗಲಿಲ್ಲ. ಬೂಟನ್ನು ಹಾಗೆಯೇ ಕಿತ್ತು ತೆಗೆಯಲು ಎಳೆದಾಗ ಕಣ್ಣಲ್ಲಿ ನೀರು ಬಂತು. ಹೆಬ್ಬೆರಳು ಇದೆಯೋ ಇಲ್ಲವೋ ತಿಳಿಯದಾಗಿತ್ತು. ಹೊಳೆಪ್ಪ ದಾಟಿ ಹೋದ. ಮುಧೋಳದ ಕಾಲೇಜು ಹುಡುಗಿಯರ ಗುಂಪೊಂದು "ಏಳ್ರಿ ಅಕ್ಕಾರ" ಎಂದು ಕೂಗಿ ದಾಟಿ ಹೋಯಿತು. ಕಬ್ಬಿನ ಟ್ರ್ಯಾಕ್ಟರೊಂದು ಎರಡು ಟ್ರೇಲರ್ ಎಳೆದುಕೊಂಡು, ಹಾಡು ಹಚ್ಚಿಕೊಂಡು, ನೆಲ ನಡುಗಿಸುತ್ತ ಹೋಯಿತು. ಹೋಗುವವರೆಲ್ಲ ಅವಳ ಹನ್ನೆರಡು ಗಂಟೆಯಿಂದ ಒಂದೊಂದು ತುಣುಕು ಹರಿದುಕೊಂಡು ಹೋಗುತ್ತಿದ್ದರು.

ಟ್ರ್ಯಾಕ್ಟರು ಬಂದಿದ್ದ ಹೊಲದಲ್ಲಿ ಕಬ್ಬು ಕಡಿಯುತ್ತಿದ್ದರು. ಶ್ರೀದೇವಿ ಕುಂಟುತ್ತ ಬದು ಹತ್ತಿ, ಹತ್ತಿರದಲ್ಲಿದ್ದ ಹೆಂಗಸನ್ನು ಕರೆದಳು. ಗಂಡಸರ ಅಂಗಿಯನ್ನು ಸೀರೆಯ ಮೇಲೆ ತೊಟ್ಟಿದ್ದ ಆಕೆ ಕುಡಗೋಲು ಹಿಡಿದುಕೊಂಡೇ ಬಂದಳು.

"ಇದನ್ನ ಕೊಯ್ಯಬೇ ಯವ್ವಾ."

ಆಕೆ ಬೂಟನ್ನೂ ಅವಳ ಮುಖವನ್ನೂ ನೋಡಿದಳು. "ದಾರ ಕೊಯ್ಲ್ಯೋ ಕಾಲು ಕೊಯ್ಲ್ಯೋ?"

"ಯಾವ್ದು ಲಗೂ ಆಗತೈತಿ ಅದನ್ನ."

ಕಬ್ಬಿನ ಸಾಲಿನಲ್ಲಿ ಯಾರೋ ನಕ್ಕರು. "ಏ ತಾರವ್ವಾ, ಹುಷಾರ, ರೊಕ್ಕಾ ಕೊಟ್ಟು ಓಡಾಕತ್ತಾರ ಅವರು."

ತಾರವ್ವ ಕುಡಗೋಲಿನ ತುದಿಯನ್ನು ಹುರಿಯ ಕೆಳಗೆ ತೂರಿಸಿ ಒಮ್ಮೆ ಎತ್ತಿದಳು. ದಾರ ಹರಿದು ಬೂಟು ಬಾಯಿ ತೆರೆಯಿತು. ರಕ್ತ ಪಾದಕ್ಕೆ ಮರಳುವಾಗ ನೂರು ಇರುವೆ ಒಟ್ಟಿಗೆ ಕಚ್ಚಿದಂತಾಯಿತು. ಶ್ರೀದೇವಿ ಬದುವಿನ ಮೇಲೆಯೇ ಕೂತುಬಿಟ್ಟಳು. ತಾರವ್ವ ತನ್ನ ತಲೆಯ ಬಟ್ಟೆಯಿಂದ ಒಂದು ಪಟ್ಟಿ ಹರಿದು, ಬೂಟಿನ ಸುತ್ತ ಸಡಿಲಾಗಿ ಕಟ್ಟಿ, "ನಮ್ಮ ಗಂಟು ಬಿಚ್ಚತೈತಿ ನೋಡು" ಎಂದು ಹೇಳಿ ಸಾಲಿಗೆ ಮರಳಿದಳು.

ಎದ್ದು ನಾಲ್ಕು ಹೆಜ್ಜೆ ಓಡಿದಳು. ಬೂಟು ಹಿಮ್ಮಡಿಯಲ್ಲಿ ಜಾರಿತು. ನಡೆದಳು. ಮತ್ತೆ ಓಡಿದಳು. ಇನ್ನು ಲೈಟಿನ ಕಂಬದಿಂದ ಕಂಬಕ್ಕೆ ಮಾತ್ರ ಯೋಚಿಸಬೇಕು, ಒಂದು ಕಂಬ ಓಡುವುದು, ಒಂದು ಕಂಬ ನಡೆಯುವುದು ಎಂದು ಮನಸ್ಸಿಗೆ ಹೇಳಿಕೊಂಡಳು. ಮನಸ್ಸು ಕೇಳಲಿಲ್ಲ. ಅದು ಕಂಬಗಳನ್ನೆಲ್ಲ ಬಿಟ್ಟು ನೇರ ಮೈದಾನಕ್ಕೆ ಹೋಗಿ, ಮುಚ್ಚಿದ ಗೇಟು ನೋಡಿ ಬರುತ್ತಿತ್ತು.

ಹಿಂದಿನಿಂದ ಬೈಕಿನ ಹಾರ್ನು ಕೇಳಿತು. ಪ್ರಭುಲಿಂಗ. ಬ್ಯಾರೇಜಿನವರೆಗೂ ಅವಳನ್ನು ಹುಡುಕಿಕೊಂಡು ಹೋಗಿ ಬಂದಿದ್ದ. ಮುಖ ಸಣ್ಣದಾಗಿತ್ತು. ಅವಳ ಕಾಲು ನೋಡಿದ, ತನ್ನ ಗಡಿಯಾರ ನೋಡಿದ.

"ಹಿಂಗ ಹೋದ್ರ ಒಂದೂವರಿ ಆಕ್ಕೈತಿ."

"ಗೊತ್ತೈತ್ರಿ."

"ಬೈಕ್ ಹತ್ತು."

ಅವಳು ನಡೆಯುತ್ತಲೇ ಹೋದಳು. ಅವನು ಬೈಕನ್ನು ಪಕ್ಕದಲ್ಲೇ ನಿಧಾನಕ್ಕೆ ಬಿಟ್ಟುಕೊಂಡು ಬಂದ.

"ಏ, ಕೇಳಿಲ್ಲಿ. ಕುಂಯ್ ಅನ್ನೂ ಪಟ್ಟಿ ಇರೂದು ಆ ದಂಡಿಗೊಂದು, ಮೈದಾನದಾಗೊಂದು. ನಡುವ ಯಾರೂ ಕೇಳವರಿಲ್ಲ. ಹೊಲದ ದಾರಿ ಹಿಡದು ಮೂರು ಮೈಲಿ ಒಯ್ದು ಇಳಸತೀನಿ. ಉಳದದ್ದು ನೀನ ಓಡು."

"ಯಾರರ ನೋಡಿದ್ರ?"

"ಯಾರು ನೋಡತಾರ, ಕಬ್ಬು ನೋಡತಾವು." ಆಮೇಲೆ ದನಿ ಇಳಿಸಿ ಹೇಳಿದ. "ನೀ ಓಡದಿದ್ರ ಹೆಂಗಿರತಿ ಅನ್ನೂದು ನನಗ ಗೊತ್ತೈತಿ. ಮಗ್ಗ ನಿಂತ ವರ್ಷ ನೋಡೀನಿ. ಹತ್ತು."

ಅವಳು ಹೇಳಲಾಗದೆ ಬಿಟ್ಟಿದ್ದನ್ನು ಅವನು ಕಂಡಿದ್ದ. ಆ ಮಾತಿಗೆ ಅವಳು ಸೋತಳು. ಹತ್ತಿ ಕೂತಳು.

ಬೈಕು ಡಾಂಬರು ಬಿಟ್ಟು ಕಬ್ಬಿನ ನಡುವಿನ ಗಾಡಿದಾರಿಗೆ ಇಳಿಯಿತು. ಎರಡೂ ಬದಿಗೆ ಗೋಡೆಯಂತೆ ಕಬ್ಬು, ಮೇಲೆ ಒಂದು ಪಟ್ಟಿ ಆಕಾಶ. ಮುಖಕ್ಕೆ ಗಾಳಿ ಬೀಸಿತು. ಬೆವರು ಆರತೊಡಗಿತು. ಕಾಲಿಗೆ ನೆಲ ತಾಕದ ಸುಖಕ್ಕೆ ಅವಳ ಕಣ್ಣು ಮುಚ್ಚಿಕೊಂಡವು. ಸುಖ ಎಷ್ಟು ಹೊತ್ತಿತ್ತೋ. ಆಮೇಲೆ ಎದೆ ಶುರುವಾಯಿತು.

ಮೊದಲು ಅವಳಿಗೆ ಅದು ಓಟದ ಬಡಿತ ಅನ್ನಿಸಿತು. ಆದರೆ ಅವಳು ಓಡುತ್ತಿರಲಿಲ್ಲ. ಸುಮ್ಮನೆ ಕೂತಿದ್ದಳು. ಉಸಿರು ಮೇಲೆಯೇ ನಿಂತಿತ್ತು, ಅಂಗೈ ತಣ್ಣಗಾಗಿತ್ತು. ಇದು ಆ ವರ್ಷದ ಬಡಿತ. ಕಾರಣವಿಲ್ಲದ್ದು. ಅಲ್ಲ, ಈಗ ಕಾರಣವಿತ್ತು, ಮತ್ತು ಅದು ಇನ್ನೂ ಕೆಟ್ಟದಾಗಿತ್ತು. ಓಟವನ್ನು ಉಳಿಸಿಕೊಳ್ಳಲೆಂದು ಬೈಕು ಹತ್ತಿದ್ದಳು. ನಾಳೆ ಬೆಳಿಗ್ಗೆ ಬೂಟು ಹಾಕಿ ಕಾಲುವೆ ದಾರಿಗೆ ಇಳಿದರೆ, ಅಲ್ಲೂ ಇದೇ ಬಡಿತ ಅವಳಿಗಿಂತ ಮುಂಚೆ ಹೋಗಿ ಕಾದು ನಿಂತಿರುತ್ತದೆ.

ಗಾಡಿದಾರಿ ಮತ್ತೆ ರಸ್ತೆಗೆ ಕೂಡುವಲ್ಲಿ ಪ್ರಭುಲಿಂಗ ಬೈಕು ನಿಲ್ಲಿಸಿ ಅತ್ತಿತ್ತ ನೋಡಿದ. ಯಾರೂ ಇರಲಿಲ್ಲ. ಅವಳು ಇಳಿದು ಬೂಟಿನ ಪಟ್ಟಿ ಸರಿಮಾಡಿಕೊಳ್ಳುತ್ತಿದ್ದಾಗ ಅವನು ಫೋನು ಕಿವಿಗೆ ಹಚ್ಚಿದ್ದ.

"ಅವ್ವಾ, ಹ್ಞೂಂ, ಛಲೋ ಓಡಾಕತ್ತಾಳ. ಹನ್ನೆರಡರೊಳಗ ಮುಟ್ಟತಾಳ. ಖರೇನ. ಇಲ್ಲೇ ಅದೀನಿ, ನೋಡಾಕತ್ತೇನಿ."

ಫೋನಿನೊಳಗಿಂದ ರುಕ್ಮವ್ವನ ದನಿ ಏನೋ ಅಂದಿತು, ಎತ್ತರದ, ಸೊಸೆ ಎಂದೂ ಕೇಳದಷ್ಟು ಎತ್ತರದ ದನಿ. ಪ್ರಭುಲಿಂಗ ನಕ್ಕು ಫೋನಿಟ್ಟ. "ಹೋಗು" ಎಂದು ಜಮಖಂಡಿಯ ಕಡೆ ಕೈ ಮಾಡಿದ.

ಶ್ರೀದೇವಿ ಅವನು ತೋರಿಸಿದ ಕಡೆ ನೋಡಿದಳು. ಆಮೇಲೆ ಬೆನ್ನು ತಿರುಗಿಸಿ ಬ್ಯಾರೇಜಿನ ಕಡೆ ನಡೆಯತೊಡಗಿದಳು.

"ಏ. ಆ ಕಡೆ ಎಲ್ಲಿ ಹೊಂಟಿ?"

"ಹತ್ತಿದಲ್ಲಿಗೆ."

"ತಲಿ ಕೆಟ್ಟೈತೇನು ನಿಂದು?" ಅವನು ಬೈಕು ತಿರುಗಿಸಿಕೊಂಡು ಅಡ್ಡ ಬಂದ. "ಅವ್ವಗ ಈಗರ ಹೇಳೀನಿ. ಆಕಿಗೇನು ಹೇಳ್ಲಿ ನಾ?"

"ನಾ ಹೇಳ್ತೀನ್ರಿ. ನೀವು ಮೈದಾನಕ್ಕ ಹೋಗ್ರಿ."

ಅವನು ಬೈಯ್ದ. ಬೇಡಿಕೊಂಡ. ಕೊನೆಗೆ ಬೈಕು ಎತ್ತಿಕೊಂಡು ಹೋಗಿಬಿಟ್ಟ. ಧೂಳು ಇಳಿಯುವವರೆಗೆ ನಿಂತಿದ್ದು ಅವಳು ನಡೆದಳು. ತಾನು ಮಾಡುತ್ತಿರುವುದು ಸರಿಯೆಂದು ಅನ್ನಿಸಲಿಲ್ಲ. ಹುಚ್ಚು ಅನ್ನಿಸಿತು. ಒಂದೊಂದು ಹೆಜ್ಜೆಗೂ ಹನ್ನೆರಡು ಗಂಟೆ ಬೆನ್ನ ಹಿಂದೆ ಇನ್ನಷ್ಟು ದೂರ ಹೋಗುತ್ತಿತ್ತು. ಈಗಲೂ ತಿರುಗಬಹುದು, ಈಗಲೂ ತಿರುಗಬಹುದು ಎಂದು ತಲೆಯೊಳಗೆ ಯಾರೋ ಹೇಳುತ್ತಲೇ ಇದ್ದರು.

ಮುಧೋಳದ ಹುಡುಗಿಯರು ಎದುರಿಗೆ ಬಂದರು. "ಅಕ್ಕಾರ, ರಾಂಗ್ ಸೈಡ್ ರೀ," ಎಂದು ಒಬ್ಬಳು ಕೈ ಬೀಸಿದಳು. ಅವರ ಹಿಂದೆ ಬೀಳಗಿಯ ಇಬ್ಬರು ಮಾಸ್ತರರು ಅವಳನ್ನು ನೋಡಿ, ದಾರಿ ತಪ್ಪಿದವರು ತಾವೇ ಇರಬಹುದೆಂದು ಗಾಬರಿಯಾಗಿ ನಿಂತರು. "ನೀವು ಬರೋಬ್ಬರಿ ಹೊಂಟೀರಿ ಸರ್, ಹೋಗ್ರಿ" ಎಂದು ಅವಳೇ ಸಮಾಧಾನ ಹೇಳಬೇಕಾಯಿತು. ಆಮೇಲೆ ಹೊಳೆಪ್ಪ ಬಂದ, ಹೊಟ್ಟೆ ಹಿಡಿದುಕೊಂಡು, ಭಂಡಾರವೆಲ್ಲ ಬೆವರಿಗೆ ಕರಗಿ ಮೂಗಿನ ತನಕ ಇಳಿದು.

"ತಂಗಿ, ನೀ ಹಿಂದಿದ್ದಿ, ಮುಂದಿನಿಂದ ಹೆಂಗ ಬಂದಿ?"

"ಗಂಡನ ಬೈಕ್ ಹತ್ತಿದ್ದೆ ಯಣ್ಣಾ. ಹೊಳ್ಳಿ ಹೊಂಟೀನಿ."

ಹೊಳೆಪ್ಪ ನಿಂತ. ಅವಳನ್ನು ಮೇಲಿಂದ ಕೆಳಗೆ ನೋಡಿದ. "ಇದರ ಮೊದಲ ಹೇಳಬಾರದೇನು?" ಎಂದ. "ಆ ಬೈಕ್ ಎಲ್ಲೈತಿ? ನನ್ನ ಹೊಟ್ಟಿ ಜಾಡಿಸಾಕತ್ತೈತಿ."

ಅವಳಿಗೆ ನಗು ಬಂತು. ಬೆಳಗಿನಿಂದ ಮೊದಲ ಸಲ. ನಗು ಅಳುವಿಗೆ ತಿರುಗುವುದರೊಳಗೆ ಅವಳು ಅವನಿಗೆ ಕೈ ಮುಗಿದು ಮುಂದೆ ಹೋದಳು.

ಬೈಕು ಹತ್ತಿದ ಜಾಗ ಕಬ್ಬು ಕಡಿಯುತ್ತಿದ್ದ ಆ ಹೊಲದಿಂದ ಸ್ವಲ್ಪವೇ ಮುಂದಿತ್ತು. ತಾರವ್ವನ ಗುಂಪು ಊಟಕ್ಕೆ ಕೂತಿತ್ತು. ಬುತ್ತಿಯ ರೊಟ್ಟಿ ಮುರಿಯುತ್ತಿದ್ದ ತಾರವ್ವ ತಲೆ ಎತ್ತಿ ಕೂಗಿದಳು.

"ಏನರ ಬಿಟ್ಟು ಹೋಗಿದ್ದೇನಬೇ?"

"ಮೂರು ಮೈಲಿ ಬಿಟ್ಟು ಹೋಗಿದ್ದೆ."

ಅಲ್ಲಿ ಒಮ್ಮೆ ನಿಂತು, ಜಮಖಂಡಿಯ ಕಡೆ ತಿರುಗಿದಳು. ಓಡಲು ಕಾಲು ಒಪ್ಪಲಿಲ್ಲ, ನಡೆಯಲು ಒಪ್ಪಿತು. ಒಂದು ಕಂಬ, ಇನ್ನೊಂದು ಕಂಬ. ಮನಸ್ಸು ಈ ಸಲ ಮೈದಾನಕ್ಕೆ ಓಡಿ ಹೋಗಲಿಲ್ಲ. ಅಲ್ಲಿ ನೋಡುವಂಥದ್ದು ಏನೂ ಉಳಿದಿರಲಿಲ್ಲ. ಎದೆ ಬಡಿಯುತ್ತಿತ್ತು. ಅದರ ಮೇಲೆ ಕೈಯಿಟ್ಟು ನೋಡಿದಳು. ಕುಂಟುವ ಕಾಲಿಗೆ, ಬಿಸಿಲಿಗೆ ಎಷ್ಟು ಬೇಕೋ ಅಷ್ಟೇ ಬಡಿಯುತ್ತಿತ್ತು.

ಮೈದಾನ ಮುಟ್ಟಿದಾಗ ಗಾಳಿ ತುಂಬಿ ನಿಲ್ಲಿಸಿದ್ದ ಕಮಾನನ್ನು ಇಳಿಸಿ, ಅದರ ಮೇಲೆ ಹೊರಳಾಡಿ ಗಾಳಿ ತೆಗೆಯುತ್ತಿದ್ದರು. ಕಪ್ಪು ಪಟ್ಟಿಯನ್ನು ಸುತ್ತಿ ಗಾಡಿಗೆ ಹಾಕಿದ್ದರು. ಅದು ಇದ್ದ ಜಾಗದಲ್ಲಿ ಹುಲ್ಲು ಚಪ್ಪಟೆಯಾಗಿ ಗುರುತು ಉಳಿದಿತ್ತು. ಅವಳು ಆ ಗುರುತನ್ನು ದಾಟಿದಳು. ಯಾವ ಪೆಟ್ಟಿಗೆಯೂ ಕುಂಯ್ ಅನ್ನಲಿಲ್ಲ. ಬೇವಿನ ಗಿಡದ ಕೆಳಗೆ ಪ್ರಭುಲಿಂಗ ಬೈಕಿನ ಮೇಲೆ ಕೂತಿದ್ದ. ಎದ್ದು ಬಂದು ನೀರಿನ ಬಾಟಲಿ ಕೊಟ್ಟ. ಸಿಟ್ಟು ಇಳಿದಿತ್ತು, ಅದರ ಜಾಗಕ್ಕೆ ಅಂಜಿಕೆ ಬಂದು ಕೂತಿತ್ತು.

"ಅವ್ವ ಓಣಿಗೆಲ್ಲ ಸಕ್ಕರಿ ಹಂಚ್ಯಾಳಂತ," ಎಂದ. "ಹನ್ನೆರಡು ಹೊಡೀತಿದ್ದಂಗನ ಹಂಚ್ಯಾಳ. ಗಿರಮಲ್ಲಪ್ಪ ಕಾಕಾ ಫೋನ್ ಮಾಡಿದ್ದ." ಬೈಕು ಚಾಲೂ ಮಾಡಿ, ಹಿಂದೆ ತಿರುಗದೆಯೇ ಸೇರಿಸಿದ. "ಸುಮ್ಮನಿದ್ದುಬಿಡೋಣು. ಹನ್ನೆರಡಕ್ಕ ಒಂದು ನಿಮಿಷ ಕಮ್ಮಿ ಇತ್ತು ಅಂದ್ರ ಯಾರು ಕೇಳತಾರ."

ಜಮಖಂಡಿಯಿಂದ ಬನಹಟ್ಟಿಯ ತನಕ ಅವಳು ಸಕ್ಕರೆಯ ಬಗ್ಗೆಯೇ ಯೋಚಿಸುತ್ತಿದ್ದಳು. ಅವಳು ಈ ಮನೆಗೆ ಬಂದ ಮೇಲೆ ರುಕ್ಮವ್ವ ಸಕ್ಕರೆ ಹಂಚಿದ್ದು ಮಗಳು ಶೀತಲ್ ಹುಟ್ಟಿದಾಗ ಒಮ್ಮೆ, ಅಷ್ಟೇ. ಬಾಯಿ ಮುಚ್ಚುತ್ತೇನೆ ಎಂದಿದ್ದವಳು ಬೇರೆಯವರ ಬಾಯಿ ಸಿಹಿ ಮಾಡಿದ್ದಳು.

ಶೆಡ್ಡಿನ ಬಾಗಿಲಲ್ಲಿ ನಾಲ್ಕೈದು ಜನ ನಿಂತಿದ್ದರು. ರುಕ್ಮವ್ವ ಸಕ್ಕರೆ ಡಬ್ಬಿ ಸೊಂಟಕ್ಕೆ ಆನಿಸಿಕೊಂಡಿದ್ದಳು. ಸೊಸೆಯ ಕಾಲಿನ ಪಟ್ಟಿ ಮೊದಲು ಕಂಡಿತು ಅವಳಿಗೆ, ಆಮೇಲೆ ಮುಖ.

"ಬಾ, ಬಾ. ನೆಟ್ಟಗ ಬಂದ್ಯಲ್ಲ," ಎಂದಳು. ಗಿರಮಲ್ಲಪ್ಪ ಕಾಕಾ ಅಂಗೈಯ ಸಕ್ಕರೆಯನ್ನು ಬಾಯಿಗೆ ಹಾಕಿಕೊಳ್ಳುತ್ತ, "ನಮ್ಮ ಓಣಿ ಹೆಸರು ಉಳಿಸಿದಿ ನೋಡವಾ" ಎಂದ.

ಶ್ರೀದೇವಿ ಗಂಡನ ಕಡೆ ನೋಡಲಿಲ್ಲ. ನೋಡಿದರೆ ಮಾತು ಬರುತ್ತಿರಲಿಲ್ಲ.

"ಅತ್ತಿ, ಹೊತ್ತು ಮೀರಿ ಬಂದೀನ್ರಿ. ಗೇಟು ಮುಚ್ಚಿತ್ತು. ನಡುವ ಇವರ ಬೈಕ್ ಹತ್ತಿದ್ದೆ. ಜೀವ ತಡೀಲಿಲ್ಲ, ಹೊಳ್ಳಿ ಹೋಗಿ ಮತ್ತ ನಡಕೊಂತ ಬಂದೆ. ಆಣಿ ಸೋತೀನಿ." ಅವಳು ಉಸಿರು ತೆಗೆದುಕೊಂಡಳು. "ಆದ್ರ ಓಡೂದು ಬಿಡಾಕ ಆಗಂಗಿಲ್ರಿ ನನಗ. ಸೋತದ್ದನ್ನೂ ಹೇಳಾಕತ್ತೇನಿ, ಬಿಡಂಗಿಲ್ಲ ಅನ್ನೂದನ್ನೂ ಹೇಳಾಕತ್ತೇನಿ. ನೀವು ಏನ್ ಅಂತೀರಿ ಅನ್ರಿ."

ಬಾಗಿಲಲ್ಲಿದ್ದವರು ಅಂಗೈ ನೋಡಿಕೊಂಡರು. ಗಿರಮಲ್ಲಪ್ಪನ ದವಡೆ ಅರ್ಧಕ್ಕೆ ನಿಂತಿತು, ಸಕ್ಕರೆ ನುಂಗಬೇಕೋ ಬೇಡವೋ ತಿಳಿಯದೆ. ರುಕ್ಮವ್ವ ಡಬ್ಬಿಯ ಮುಚ್ಚಳವನ್ನು ಹುಡುಕಿ, ಹಾಕಿ, ಒತ್ತಿದಳು.

"ನುಂಗೋ ಗಿರಮಲ್ಲಾ," ಎಂದಳು. "ಹಂಚಿದ್ದನ್ನ ಹೊಳ್ಳಿ ಕೇಳಾಕ ಬರತೈತೇನು."

ಶೆಡ್ಡಿನೊಳಗೆ ಹೋಗಿ ಮಗ್ಗದ ಗುಂಡಿ ಒತ್ತಿದಳು. ಮಗ್ಗ ಖಟಖಟ ಎಂದು ಎದ್ದಿತು. ನೆಲ, ಗೋಡೆ, ತಗಡಿನ ಮಾಡು ಎಲ್ಲವೂ ನಡುಗಿದವು. ಶ್ರೀದೇವಿ ಕುಂಟುತ್ತ ಹಿಂದೆಯೇ ಹೋದಳು. ರುಕ್ಮವ್ವ ಆಚೆ ಮುಖ ಮಾಡಿ ನಿಂತು ಮಾತಾಡುತ್ತಿದ್ದಳು. ಭುಜ ಅಲ್ಲಾಡುತ್ತಿತ್ತು, ಒಂದು ಕೈ ಗಾಳಿಯಲ್ಲಿ ಏನನ್ನೋ ಕಡಿದು ಹಾಕುತ್ತಿತ್ತು. ಬೈಗುಳವೋ, ಅಪ್ಪಣೆಯೋ. ಆ ಸದ್ದಿನಲ್ಲಿ ಬಾಳಿದವರು ಮಾತನ್ನು ಕಿವಿಯಿಂದ ಕೇಳುವುದಿಲ್ಲ, ತುಟಿ ನೋಡಿ ತಿಳಿಯುತ್ತಾರೆ. ಶ್ರೀದೇವಿಗೆ ಕಾಣುತ್ತಿದ್ದುದು ಬೆನ್ನು ಮಾತ್ರ.

ಎದೆ ಹೊಡೆದುಕೊಳ್ಳುತ್ತಿತ್ತು. ಅವಳು ಮಗ್ಗದ ಅಂಚು ಹಿಡಿದುಕೊಂಡು, ಊರಲಾಗದ ಕಾಲನ್ನು ಎಳೆಯುತ್ತ, ಅತ್ತೆಯ ಮುಖ ಕಾಣುವ ಆ ಬದಿಗೆ ಸುತ್ತು ಹಾಕಿ ಹೊರಟಳು.